ಕಾಫಿ ಬಿಡಿಸುವ ಡಾಕ್ಟರು, ಹೆಣ್ಣು ಸಿಗದ ನಾನು

ಚಹಾ, ಕಾಫಿ ಬಿಡಿಸುವ ಡಾಕ್ಟರರ ಹತ್ತಿರ ಕಂಪೌಂಡರ್ ಆಗಿ ನೋಡಿ, ಒಂದು ದಿನವೂ ನಗದೆ ಮನೆಗೆ ಹೋಗುವುದಿಲ್ಲ. ಮದುವೆ ಮಾತ್ರ ಆಗುವುದಿಲ್ಲ! ಎದೆ ಹೊಡೆದುಕೊಂಡರೂ, ನಿದ್ದೆ ಬಾರದಿದ್ದರೂ ಶಿರಸಿಯ ನಮ್ಮ ಡಾಕ್ಟರು "ಮೊದಲು ಕಾಫಿ ಬಿಡಿ" ಎನ್ನುವರು. ಜನ ಅವರಿಗೆ ಬಯ್ಯಲಾರದೆ ನನಗೆ ಬಯ್ಯುವರು. ನನಗೋ ಹೆಣ್ಣು ಹುಡುಕುತ್ತಿದ್ದ ಕಾಲ. "ಆ ಕಾಫಿ ಶತ್ರುವಿಗೆ ಹುಡುಗಿ ಕೊಡೋದಿಲ್ಲ" ಎಂದು ಜಾತಕವೇ ವಾಪಸು ಬರುತ್ತಿತ್ತು.

ಡ್ರೈವರ್ ಸಾಹೇಬರ ನಿದ್ದೆ

ಯಲ್ಲಾಪುರದ ಬಸ್ಸಿನ ಡ್ರೈವರ್ ಸಾಹೇಬರಿಗೆ ಎದೆ ಢವಢವ. ಚಹಾ ಬಂದ್ ಆಯಿತು. ಆಮೇಲೊಂದು ದಿನ ಡಾಕ್ಟರೂ ನಾನೂ ಅದೇ ಬಸ್ಸಿನಲ್ಲಿ ರೋಗಿಯೊಬ್ಬರನ್ನು ನೋಡಲು ಹೊರಟೆವು. ಮರದ ನೆರಳು ಕಂಡಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು. ಸಾಹೇಬರು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.

"ಏನ್ರೀ ಇದು?" ಎಂದರು ಡಾಕ್ಟರು.

"ನಿಮ್ದೇ ಹುಕುಂ, ಡಾಕ್ಟರ್ ಸಾಬ್! ಎದೀ ಶಾಂತ ಆಗೇತಿ. ಕಣ್ಣೂ ಶಾಂತ ಆಗ್ಯಾವ!"

ಡಾಕ್ಟರೇ ಓಡಿ ಹೋಗಿ ಹೋಟೆಲಿನಿಂದ ಚಹಾ ತಂದರು. ಸಕ್ಕರೆ ಸಾಕೇ ಎಂದೂ ಕೇಳಿದರು!

ಪುಡಿಯ ಮಹಿಮೆ

ಸಿದ್ದಾಪುರದ ಪುರೋಹಿತರು ಕಾಫಿ ಬಿಟ್ಟ ಮಾರನೇ ದಿನವೇ ತಲೆಗೆ ಪಂಚೆ ಬಿಗಿದುಕೊಂಡು ಬಂದರು. "ತಲೆ ಸಿಡೀತು ಮಾರಾಯ!" ತಲೆನೋವಿನ ಪುಡಿ ಕಟ್ಟಿಕೊಟ್ಟೆ. ಮತ್ತೆ ಬಂದಾಗ ಮುಖ ಅರಳಿತ್ತು. "ಎಂತಾ ಪುಡಿನಾ! ಕಾಫಿ ನೆನಪೇ ಆಗ್ತಿಲ್ಲೆ!"

ಹೇಗೆ ಆದೀತು? ಆ ಪುಡಿಯಲ್ಲಿ ಬೆರೆಸಿದ್ದೇ ಕಾಫಿಯ ಸತ್ವವಾದ ಕೆಫೀನ್! ನಾನು ತುಟಿ ಕಚ್ಚಿ ನಿಂತೆ. ಅವರು ಹತ್ತಿರ ಬಂದು ಪಿಸುಗುಟ್ಟಿದರು: "ಇದ್ಕೆ ಚೂರು ಹಾಲು, ಬೆಲ್ಲ ಹಾಕ್ಯಂಡ್ರೆ ಅಡ್ಡಿಲ್ಯ?"

ಹೆಗ್ಗರಣೆಯ ಅಜ್ಜಿ

ಅಂತೂ ಹೆಗ್ಗರಣೆಯಿಂದ ಹೆಣ್ಣು ನೋಡಲು ಕರೆ ಬಂತು. ಹಿರಿಯರಾಗಿ ಡಾಕ್ಟರೂ ಜೊತೆಗೆ ಬಂದರು. ಹುಡುಗಿ ಕಾಫಿ ತಂದಳು. ನೋಡಿದ ಕೂಡಲೇ ಇವಳೇ ಆಗಬೇಕು ಅನಿಸಿಬಿಟ್ಟಿತು. ಅಷ್ಟರಲ್ಲಿ ಅವಳ ಅಜ್ಜಿ ನನ್ನನ್ನು ಹಿಡಿದರು.

"ತಮಾ, ಕಾಫಿ ಬಿಡಿಸ ಕಂಪೌಂಡರು ನೀನೇಯನಾ? ಹೇಳು, ಕಾಫಿ ಕುಡಿಯಲಕ್ಕ, ಆಗ್ದ?"

ಅಯ್ಯೋ ದೇವರೇ! ಬೇಡ ಎಂದರೆ ಹುಡುಗಿ ಕೈತಪ್ಪುತ್ತಾಳೆ. ಕುಡಿಯಿರಿ ಎಂದರೆ ನೌಕರಿ ಹೋಗುತ್ತದೆ. ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದಾರೆ. ಗಾಬರಿಯಲ್ಲಿ, ಬೆಳಗಿನಿಂದ ಸಂಜೆತನಕ ಔಷಧದ ಬಾಟಲಿ ಕೊಡುತ್ತ ಹೇಳುವ ಮಾತೇ ಬಾಯಿಂದ ಹೊರಟಿತು: "ಚೆನ್ನಾಗಿ ಅಲ್ಲಾಡಿಸಿ, ದಿನಕ್ಕೆ ಮೂರು ಸಲ!"

"ಮೂರು ಸಲನಾ!" ಅಜ್ಜಿ ಚಪ್ಪಾಳೆ ತಟ್ಟಿದರು. "ಕೇಳಿದ್ರಾ ಎಲ್ಲರೂವ? ಮೊಮ್ಮಗಳ್ನ ಇಂವಂಗೇ ಕೊಡದು!"

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ನನ್ನ ಲೋಟವನ್ನು ಗಂಭೀರವಾಗಿ ಚೆನ್ನಾಗಿ ಅಲ್ಲಾಡಿಸಿ ಕೈಗೆ ಕೊಟ್ಟಳು.