ಸೆಕ್ರೆಟರಿಗೆ ಕಾರು

ಮೂವರಿಗೂ ಸೇರಿ ಇದ್ದದ್ದು ಒಂದೇ ಹಳೇ ಕಾರು. ತೊಂದರೆ ಶುರುವಾದದ್ದೇ ಅಲ್ಲಿಂದ.

ಅದು 2001ರ ಏಪ್ರಿಲ್. ಭಾನುವಾರ ಪ್ರಭಂಜನನಿಗೆ ಕಾರು ಬೇಕಿತ್ತು. ಹೆದ್ದಾರಿ ಬದಿಯ ನೀಲಿ ಹೂ ಬಾಡುವ ಮೊದಲು ಒಮ್ಮೆ ಕರಕೊಂಡು ಹೋಗು ಎಂದು ಡಲ್ಲಾಸ್‌ನಲ್ಲಿ ಓದುತ್ತಿದ್ದ ಶ್ರೀವಿದ್ಯಾ ಕೇಳಿದ್ದಳು. ಇನ್ನು ಸ್ವಲ್ಪ ದಿನಕ್ಕೆ ಹೂವೂ ಇಲ್ಲ, ಕೆಲಸ ಸಿಕ್ಕಿ ಬೇರೆ ರಾಜ್ಯಕ್ಕೆ ಹೊರಟಿದ್ದ ಅವಳೂ ಇಲ್ಲ. ಆದರೆ ಆಸ್ಟಿನ್‌ನಲ್ಲಿ ಮೂವರೂ ಇದ್ದ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಮೊದಲು ಎದ್ದವನಿಗೆ ಕೀ. ಎಂಜಿನಿಯರಿಂಗ್ ಓದುವ ಭೀಮಸೇನ, ರಾಜಗೋಪಾಲ ಇಬ್ಬರೂ ಹಾಲಿನವನ ಹಾಗೆ ಕತ್ತಲಲ್ಲೇ ಏಳುವವರು. ಪ್ರಭಂಜನ ಒಂಬತ್ತಕ್ಕೆ ಮೊದಲು ಎದ್ದ ಉದಾಹರಣೆ ಇರಲಿಲ್ಲ.

ಅವನು ಓದುತ್ತಿದ್ದುದು ಇತಿಹಾಸ. ಕ್ರಾಂತಿಯಾದ ಹೊಸದರಲ್ಲಿ ರಷ್ಯದ ಕಮ್ಯುನಿಸ್ಟ್ ಪಾರ್ಟಿ ಯಾವ ಯಾವ ಸಮಿತಿ ಕಟ್ಟಿಕೊಂಡು ದೇಶ ಆಳಿತು ಎಂಬುದು ಅವನ ವಿಷಯ. ಶನಿವಾರ ಕಾಫಿ ಕುಡಿಯುವಾಗ, ಮನೆಗೂ ಅಂಥದೇ ವ್ಯವಸ್ಥೆ ಇರಲಿ ಎಂದ. ತೀರ್ಮಾನಕ್ಕೆ ಪಾಲಿಟ್‌ಬ್ಯೂರೋ, ಮೂವರೂ ಸದಸ್ಯರು, ಇಬ್ಬರಿದ್ದರೂ ಸಭೆ ನಡೆಯುತ್ತದೆ. ತೀರ್ಮಾನ ಜಾರಿಗೆ ತರಲು ಒಬ್ಬ ಸೆಕ್ರೆಟರಿ. ಒಮ್ಮೆ ತೀರ್ಮಾನವಾಯಿತೆಂದರೆ ಯಾರೂ ತಕರಾರು ಎತ್ತುವಂತಿಲ್ಲ.

“ಸೆಕ್ರೆಟರಿ ಅಂದ್ರ ಗುಮಾಸ್ತನ ಕೆಲಸ. ಅದನ್ಯಾರು ಮಾಡ್ತಾರ?” ಎಂದ ಧಾರವಾಡದ ಭೀಮಸೇನ.

“ನಾನೇ ಮಾಡ್ತೀನಿ ಬಿಡ್ರೋ,” ಎಂದು ಪ್ರಭಂಜನ ಮುಖ ಸಪ್ಪಗೆ ಮಾಡಿಕೊಂಡ. ರಷ್ಯದಲ್ಲೂ ಎಲ್ಲರೂ ಹಾಗೇ ಅಂದುಕೊಂಡಿದ್ದರು, ಕೊನೆಗೆ ದೇಶವೇ ಆ ಕುರ್ಚಿಯಲ್ಲಿ ಕೂತವನ ಕೈಗೆ ಬಂತು ಎಂಬುದನ್ನು ಮಾತ್ರ ಹೇಳಲಿಲ್ಲ. ಸಂಜೆ ಭೀಮಸೇನ ಕ್ರಿಕೆಟ್ಟಿಗೆ ಹೋದಾಗ ರಾಜಗೋಪಾಲನನ್ನು ಕೂರಿಸಿಕೊಂಡು, ಕಾರು ತನಗೇ ಎಂದು ಸಭೆ ಮುಗಿಸಿಬಿಡುವುದು ಅವನ ಲೆಕ್ಕ.

ಊಟವಾದ ಮೇಲೆ ಕಣ್ಣು ಎಳೆಯಿತು. ಉದ್ದನೆಯ ಮೇಜು, ಹೊರಗೆ ಹಿಮ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ ಗಡ್ಡದ ನಾಯಕರೆಲ್ಲ ಅವನ ಒಪ್ಪಿಗೆಗೆ ಕಾಯುತ್ತಿದ್ದಾರೆ. ಅವನು ತಲೆಯಾಡಿಸಿದ. ಹಿಮ ನಿಧಾನವಾಗಿ ನೀಲಿ ಹೂವಾಯಿತು. ಕಾರು ಸದ್ದಿಲ್ಲದೆ ಹೂವಿನ ಮೇಲೆ ತೇಲಿತು. ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಶ್ರೀವಿದ್ಯಾ ಕೂತಿದ್ದಳು.

ಕಣ್ಣು ಬಿಟ್ಟರೆ ಎದುರಿಗೆ ಭೀಮಸೇನ, ಬೆರಳಲ್ಲಿ ಕೀ ತಿರುಗಿಸುತ್ತ. “ನಾವಿಬ್ರೂ ಸಭಾ ಮಾಡಿ ಮುಗಿಸಿದ್ವಿ. ನಾಳೆ ಕಾರು ಸೆಕ್ರೆಟರಿಗೆ.”

ಕನಸು ಇನ್ನೂ ಮುಗಿದಿಲ್ಲ ಅನ್ನಿಸಿತು ಪ್ರಭಂಜನನಿಗೆ. ಇಂಥ ಗೆಳೆಯರಿಗೆ ಮೋಸ ಮಾಡಲು ಹೊರಟಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ತಕ್ಷಣ ಶ್ರೀವಿದ್ಯಾಗೆ ಫೋನ್ ಮಾಡಿ, ಬೆಳಿಗ್ಗೆ ಬರುತ್ತೇನೆ ಎಂದ.

ಫೋನ್ ಇಟ್ಟ ಮೇಲೆ ರಾಜಗೋಪಾಲ ಮಿಕ್ಕದ್ದನ್ನು ಹೇಳಿದ. ಮೇಲಿನ ಮನೆಯ ಶಕುಂತಲಾ ಆಂಟಿ ಬಂದಿದ್ದರು. ಹ್ಯೂಸ್ಟನ್ ಪಕ್ಕ ಸೈಪ್ರೆಸ್‌ನಲ್ಲಿರುವ ಅವರ ತಂಗಿಯ ಮನೆಯಿಂದ ಗ್ರೈಂಡರ್ ತರಬೇಕಂತೆ. ತಂದರೆ ಸೆಮಿಸ್ಟರ್ ಮುಗಿಯುವ ತನಕ ಎಲ್ಲರಿಗೂ ದೋಸೆ. ಪಾಲಿಟ್‌ಬ್ಯೂರೋ ಒಮ್ಮತದಿಂದ ಒಪ್ಪಿತ್ತು. ಜಾರಿಗೆ ತರುವವನು ಸೆಕ್ರೆಟರಿ.

“ನಾನು ಒಪ್ಪಲ್ಲ,” ಎಂದ ಪ್ರಭಂಜನ. ಡಲ್ಲಾಸ್ ಉತ್ತರಕ್ಕೆ, ಹ್ಯೂಸ್ಟನ್ ಪೂರ್ವಕ್ಕೆ; ಒಂದೇ ದಿನ ಎರಡೂ ಕಡೆ ಆಗುವ ಮಾತಲ್ಲ.

“ತಕರಾರು ಎತ್ತೋ ಹಾಗಿಲ್ಲ. ನಿಂದೇ ರೂಲು ಕಣೋ,” ಎಂದ ರಾಜಗೋಪಾಲ.

ಮತ್ತೆ ಫೋನ್ ಮಾಡಿದಾಗ ಶ್ರೀವಿದ್ಯಾ ಬೇಜಾರೇನೂ ಮಾಡಿಕೊಳ್ಳಲಿಲ್ಲ. ಇಲ್ಲೇ ಪಕ್ಕದ ಊರು ಪ್ರಾಸ್ಪರ್‌ನ ಸುಮುಖ ವಾರದಿಂದ ಕರೆಯುತ್ತಿದ್ದಾನೆ, ಅವನ ಜೊತೆ ಹೋಗಿ ನೋಡ್ತೀನಿ ಎಂದಳು.

ಭಾನುವಾರ ಸೈಪ್ರೆಸ್‌ನಿಂದ ವಾಪಸ್ ಬರುವ ದಾರಿಯಲ್ಲಿ ನೀಲಿ ಹೂ ಕನಸಿನಲ್ಲಿದ್ದಂತೆಯೇ ಅರಳಿತ್ತು. ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಗ್ರೈಂಡರ್ ಕೂತಿತ್ತು. ತಿರುವು ಬಂದಾಗಲೆಲ್ಲ ಅದರೊಳಗಿನ ಕಲ್ಲು ಮೆಲ್ಲಗೆ ಹೊರಳಿ ಗುಡುಗುಡು ಎನ್ನುತ್ತಿತ್ತು, ಸೆಕ್ರೆಟರಿ ಹೇಳಿದ್ದಕ್ಕೆಲ್ಲ ಒಪ್ಪಿಗೆ ಕೊಡುವ ಹಾಗೆ.