ಸೀರೆ ಅಂಗಡಿಗೆ ಹಬ್ ಬಂದದ್ದು

ಮಷಿನ್ ಕೆಟ್ಟಿದೆ ಎಂದು ಕರೆದವರ ಅಂಗಡಿಗೆ ಹೋದರೆ, ಮಷಿನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕೆಟ್ಟಿರುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ನಾನು ದಾವಣಗೆರೆ, ಹರಿಹರದ ಅಂಗಡಿಗಳಿಗೆ ಬಿಲ್ಲಿಂಗ್ ಕಂಪ್ಯೂಟರ್ ಜೋಡಿಸಿಕೊಟ್ಟು, ರಿಪೇರಿಯನ್ನೂ ಮಾಡುತ್ತಿದ್ದೆ. ಇಲ್ಲಿ ಹೇಳುವುದೆಲ್ಲ ಅಣ್ಣ-ತಮ್ಮ ಇಬ್ಬರ ಸೀರೆ ಅಂಗಡಿಗಳಲ್ಲಿ ನಡೆದದ್ದು. ಅಣ್ಣನದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ತಮ್ಮನದು ಹರಿಹರದಲ್ಲಿ.

ಯಾವ ಹಬ್ಬ?

ಅಣ್ಣನ ಕಂಪ್ಯೂಟರಿಗೆ ಬಾರ್‌ಕೋಡ್ ಸ್ಕ್ಯಾನರ್, ಬಿಲ್ ಪ್ರಿಂಟರ್ ಎರಡನ್ನೂ ಜೋಡಿಸಲು, ನಮ್ಮ ಕಡೆಯ ಮಾತಿನಲ್ಲಿ ಹಚ್ಚಲು, ಯುಎಸ್‌ಬಿ ಹಬ್ ಬೇಕಿತ್ತು. ಒಂದು ತೂತನ್ನು ನಾಲ್ಕು ಮಾಡುವ ಡಬ್ಬಿ ಅದು. ಬೆಂಗಳೂರಿನಿಂದ ಬಂದ ದಿನ ಫೋನ್ ಮಾಡಿದೆ. ಅಣ್ಣನ ತಾಯಿ, ವಯಸ್ಸಾದ ಅಜ್ಜಿ, ಎತ್ತಿದರು. ನಾಳೆ ಹಬ್ ಎಂದು ಮಗನಿಗೆ ತಿಳಿಸಿ ಎಂದೆ.

ಮರುದಿನ ಹೋದರೆ ಅಂಗಡಿಯ ಬಾಗಿಲಿಗೆ ಮಾವಿನ ತೋರಣ.

"ಪಂಚಾಂಗ ಎಲ್ಲಾ ಹುಡುಕಿದೆ, ಇವತ್ತು ಯಾವ ಹಬ್ಬನೂ ಇಲ್ಲವ್ವ. ಓದಿದಾಕಿ ಹೇಳೀಯಲ್ಲ ಅಂತ ಹೋಳಿಗೆ ಮಾಡಿಬಿಟ್ಟೆ" ಎಂದರು ಅಜ್ಜಿ. ನಾನು ಡಬ್ಬಿ ತೆಗೆದು ತೋರಿಸಿದೆ. ತಿರುಗಿಸಿ ನೋಡಿದರು.

"ಇಷ್ಟು ಸಣ್ಣ ಹಬ್ಬ ಅಂತ ಮೊದಲೇ ಹೇಳಿದ್ರೆ ಪಾಯಸದಾಗ ಮುಗಿಸ್ತಿದ್ದೆ."

ಸಂಜೆಯ ಕಾಯಿಲೆ

ಆ ಹಬ್ಬಿಗೆ ತನ್ನದೇ ಅಡಾಪ್ಟರ್ ಇತ್ತು. ಅದರಿಂದ ಕರೆಂಟ್ ಬಾರದಿದ್ದರೆ ಸ್ಕ್ಯಾನರಿಗೆ ಶಕ್ತಿ ಸಾಲದು. ದಿನಾ ದೀಪ ಹಚ್ಚುವ ಹೊತ್ತಿಗೆ ಸ್ಕ್ಯಾನರ್ ನಿಲ್ಲುತ್ತದೆಂದು ದೂರು ಬಂತು. ಬೆಳಿಗ್ಗೆ ನಾನು ಹೋದಾಗಲೆಲ್ಲ ಚೆನ್ನಾಗಿ ಓದುತ್ತಿತ್ತು. ನಿಮ್ಮನ್ನು ಕಂಡರೆ ಅದಕ್ಕೆ ಭಯ ಎಂದರು ಅಣ್ಣ.

ಒಂದು ಸಂಜೆ ಗಿರಾಕಿಯಂತೆ ಕೂತೆ. ಅಜ್ಜಿ ಬಂದರು, ಅಡಾಪ್ಟರ್ ಕಿತ್ತರು, ಸೊಳ್ಳೆ ಓಡಿಸುವ ಯಂತ್ರ ಸಿಕ್ಕಿಸಿ, ಗಲ್ಲಾದ ಪಕ್ಕ ನೆಮ್ಮದಿಯಾಗಿ ಕೂತರು. ಡಬ್ಬಿಗೆ ಕರೆಂಟ್ ಯಾಕೆ ಬೇಕೆಂದು ವಿವರವಾಗಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಅದಕ್ಕೆ ಸೊಳ್ಳೆ ಕಚ್ತಾವೇನವ್ವ?"

ಇನ್ನೊಂದು ಪ್ಲಗ್ ಪಾಯಿಂಟ್ ಹಾಕಿಸಿದೆವು.

ದೀಪ ಹತ್ತಿದಾವಾ?

ತಮ್ಮನ ಅಂಗಡಿಗೂ ಅಂಥದೇ ಹಬ್ ಹಾಕಿಕೊಟ್ಟಿದ್ದೆ. ಒಂದು ದಿನ ಹರಿಹರದಿಂದ ಅವರು ಫೋನ್ ಮಾಡಿದರು. ಪ್ರಿಂಟರ್ ಸತ್ತಿತ್ತು. ದೀಪ ಹತ್ತಿವೆಯಾ ಎಂದು ಕೇಳಿದೆ. ಎಲ್ಲಾ ಹತ್ತಿದಾವ್ರಿ ಎಂದರು. ಒಮ್ಮೆ ಆರಿಸಿ ಮತ್ತೆ ಹಾಕಿ ಎಂದೆ. ಆ ಕಡೆಯಿಂದ ಹೆಂಗಸರ ಗದ್ದಲ ಕೇಳಿಸಿತು. ಇನ್ನೊಮ್ಮೆ ಮಾಡಿಸಿದೆ. ಗದ್ದಲ ಜೋರಾಯಿತು, ಪ್ರಿಂಟರ್ ಏಳಲಿಲ್ಲ.

ಬಸ್ಸು ಹಿಡಿದು ಹೋದೆ. ಅವರು ಮೇನ್ ಸ್ವಿಚ್ಚಿನ ಹತ್ತಿರವೇ ನಿಂತಿದ್ದರು. ಆರಿಸಿ ಹಾಕಿದ್ದು ಇಡೀ ಅಂಗಡಿಯ ಟ್ಯೂಬ್‌ಲೈಟುಗಳನ್ನು. ಹಬ್ಬಿನ ಅಡಾಪ್ಟರ್ ವೈರು ಕಳಚಿ ನೇತಾಡುತ್ತಿತ್ತು. ಸಿಕ್ಕಿಸಿದೆ, ಹಸಿರು ದೀಪ ಹತ್ತಿತು. ನಾನು ಕೇಳಿದ್ದು ಇದನ್ನು ಎಂದೆ.

"ಇದಾ? ಇದನ್ನ ನಾವು ದೀಪ ಅಂತ ಹಿಡಿದೇ ಇಲ್ರಿ."

ರಾಹುಕಾಲದೊಳಗೆ

ಆಯುಧ ಪೂಜೆಯ ಮರುದಿನ ಅಣ್ಣನಿಂದ ಕರೆ. ಕುಕ್ಕುವಾಡದಿಂದ ಮದುವೆ ಜವಳಿಗೆ ಬಂದವರು ಅಂಗಡಿ ತುಂಬ ಕೂತಿದ್ದಾರೆ. ಧಾರೆ ಸೀರೆಯ ಬಿಲ್ಲು ರಾಹುಕಾಲಕ್ಕೆ ಮೊದಲೇ ಆಗಬೇಕು. ಕಂಪ್ಯೂಟರ್ ಏನನ್ನೂ ಗುರುತಿಸುತ್ತಿಲ್ಲ.

ಓಡಿಹೋದೆ. ಸೀರೆ ಹಿಡಿದ ಮದುಮಗಳು ಅಳುವುದೊಂದು ಬಾಕಿ. ಮದುಮಗಳ ಅಪ್ಪ ಗಡಿಯಾರದ ಮೇಲಿಂದ ಕಣ್ಣು ತೆಗೆಯುತ್ತಿಲ್ಲ. ಮೇಜಿನ ಕೆಳಗೆ ಬಗ್ಗಿದೆ. ಹಬ್ಬಿನ ಹಣೆಗೆ ವಿಭೂತಿ, ಕುಂಕುಮ, ಮೇಲೊಂದು ಚೆಂಡು ಹೂವು. ಖಾಲಿ ಇದ್ದ ಎರಡು ತೂತುಗಳಲ್ಲಿ ಉರಿದು ಮುಗಿದ ಊದುಬತ್ತಿ ಕಡ್ಡಿಗಳು ನೆಟ್ಟಗೆ ನಿಂತಿದ್ದವು. ಒಂದರ ಬುಡ ಒಳಗೇ ಮುರಿದಿತ್ತು.

ವೈರೆಲ್ಲ ಬಿಚ್ಚಿ, ಡಬ್ಬಿ ಬೋರಲು ಮಾಡಿ ತಟ್ಟಿದೆ. ಬೂದಿ ಉದುರಿತು. ಚಿಮುಟದಿಂದ ಕಡ್ಡಿ ಎಳೆದೆ, ಒಣ ಬ್ರಷ್ಷಿನಿಂದ ಒರೆಸಿ ಮತ್ತೆ ಜೋಡಿಸಿದೆ. ಸ್ಕ್ಯಾನರ್ ಪೀಂ ಎಂದಿತು. ರಾಹುಕಾಲಕ್ಕೆ ಸ್ವಲ್ಪ ಮೊದಲು ಬಿಲ್ಲು ಹೊರಬಂತು. ಮದುಮಗಳ ಅಪ್ಪ ಅದನ್ನು ಕಣ್ಣಿಗೆ ಒತ್ತಿಕೊಂಡರು.

ಅವರು ಹೋದ ಮೇಲೆ ಅಣ್ಣನನ್ನು ಕೂರಿಸಿ, ಅದು ಊದುಬತ್ತಿ ಸ್ಟ್ಯಾಂಡ್ ಅಲ್ಲ ಎಂದು ಬಿಗಿಯಾಗಿಯೇ ಹೇಳಿದೆ. ಅವರಿಗೆ ನಿಜಕ್ಕೂ ಬೇಜಾರಾಯಿತು.

"ನಿಮ್ಮನ್ನ ಕೇಳೇ ಹಚ್ಚಿದ್ದು ಮೇಡಂ. ಉಳಿದ ಎರಡು ತೂತು ಯಾತಕ್ಕ ಅಂದ್ರೆ, ಮುಂದೆ ಏನಾದ್ರೂ ಹಚ್ಚೋದಿದ್ರೆ ಅಂತ ಅಂದ್ರಲ್ಲ ನೀವು?"