ದೊರೆಸಾನಿ ಮರಕ್ಕೆ ಹಾಲು, ಅರಿಶಿನ

"ಬಾಳೆಕಂಬವನ್ನೇ ವಾರಗಟ್ಟಲೆ ಬಾಡದಂತೆ ಇಡುವವರು ನಾವು, ಇದೇನು ಮಹಾ!" ಎಂದು ಹತ್ತಿ ಗಿರಣಿಯ ಗುಮಾಸ್ತ ವಿರೂಪಾಕ್ಷಪ್ಪನವರು ದೊರೆಸಾನಿಯ ಎದುರು ಅಂದುಬಿಟ್ಟರು. ಅನ್ನಬಾರದಿತ್ತು.

ಅದು ನಲವತ್ತಾರನೇ ಇಸವಿಯ ಡಿಸೆಂಬರು. ಗಿರಣಿ ದೊರೆಯ ಬಂಗಲೆಗೆ ಸುಣ್ಣ ಬಳಿಯುತ್ತಿದ್ದರು. ಕ್ರಿಸ್‌ಮಸ್ ಹಬ್ಬಕ್ಕೆಂದು ಕಡಿಸಿ ತಂದಿದ್ದ ಆಳೆತ್ತರದ ಸರ್ವೆ ಮರವನ್ನು ಆ ಧೂಳಿನಲ್ಲಿ ಇಡುವಂತಿರಲಿಲ್ಲ. ಐದು ದಿನ ನಿಮ್ಮ ಮನೆಯಲ್ಲಿಟ್ಟುಕೊಳ್ಳಿ, ಹಸಿರಾಗಿ ಹಿಂದಿರುಗಿಸಿದರೆ ಸಿರುಗುಪ್ಪಕ್ಕೆ ಆಗಿರುವ ನಿಮ್ಮ ವರ್ಗಾವಣೆಯನ್ನು ರದ್ದು ಮಾಡಿಸುತ್ತೇನೆ ಎಂದಳು ದೊರೆಸಾನಿ. ಸಿರುಗುಪ್ಪ ಎಂದರೆ ವಿರೂಪಾಕ್ಷಪ್ಪನವರ ಎದೆ ಝಲ್ಲೆನ್ನುತ್ತಿತ್ತು. ಊರು ಒಳ್ಳೆಯದೇ. ಆದರೆ ಅದು ಹೆಂಡತಿಯ ತವರು. ಅಲ್ಲಿ ಗರಡಿಮನೆಯಲ್ಲಿ ಮೈ ಬೆಳೆಸಿದ ಮೂವರು ಭಾವಮೈದುನರು ಇದ್ದರು. ಅವರ ಪಡಸಾಲೆಯಲ್ಲಿ ಮನೆಯಳಿಯನಾಗಿ ಬಾಳುವುದಕ್ಕಿಂತ ಸನ್ಯಾಸ ಮೇಲೆಂಬುದು ಇವರ ಖಚಿತ ಅಭಿಪ್ರಾಯ. (ಹೆಂಡತಿಗೆ ಹೇಳಿರಲಿಲ್ಲ.)

ಸತ್ಯನಾರಾಯಣಪೇಟೆಯ ಮನೆಗೆ ಮರ ಬಂತು. ಬಂದದ್ದೇ ಸ್ನಾನದ ಹಂಡೆಯಲ್ಲಿ ಪ್ರತಿಷ್ಠಾಪನೆಯಾಯಿತು. ಹೆಂಡತಿ ಕೊಟ್ರಬಸಮ್ಮ ಬಾವಿಯಿಂದ ಸೇದಿ ತಂದ ನೀರೆಲ್ಲ ಅದಕ್ಕೇ ಅಭಿಷೇಕ. ಮೊದಲ ದಿನ ಹದಿನೇಳು ಸೂಜಿಯೆಲೆ ಉದುರಿದವು. ಎರಡನೆಯ ದಿನ ವಿರೂಪಾಕ್ಷಪ್ಪನವರು ಎಣಿಸುವುದನ್ನು ಬಿಟ್ಟು ಕಸಬರಿಗೆ ಹುಡುಕಿದರು.

"ಮಕ್ಕಳಿಗೆ ಮೈ ತೊಳಿಯಾಕ ಹಂಡೆ ಇಲ್ಲ, ನಿಮ್ಮ ಮರಕ್ಕ ಮೂರು ಹೊತ್ತು ಜಳಕ!" ಎಂದಳು ಕೊಟ್ರಬಸಮ್ಮ.

"ಸಾವಕಾಶ ಮಾತಾಡಲೇ, ಎಲಿ ಉದುರ್ತಾವು."

"ಉದುರ್ಲಿ! ನನ್ನ ತಲಿಗೂದಲು ಉದುರಿದಾಗ ಹಿಂಗ ಕುಂತು ಎಣಿಸೀರೇನು?"

ಮರಕ್ಕೆ ಶಾಖ ತಾಗೀತೆಂದು ಒಲೆಯನ್ನು ಹಿತ್ತಲಿಗೆ ವರ್ಗ ಮಾಡಿದಾಗ ಆಕೆಯ ತಾಳ್ಮೆಯೂ ವರ್ಗವಾಯಿತು. ಮಕ್ಕಳನ್ನು ಕಟ್ಟಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು.

ಮೂರನೆಯ ದಿನ ಬೆಳಿಗ್ಗೆ ಮರದ ತುದಿ ಹಳದಿಯಾಗಿತ್ತು. ವಿರೂಪಾಕ್ಷಪ್ಪನವರ ಮುಖ ಅದಕ್ಕಿಂತ ಹಳದಿ. ತಾಯಿ ಗುರುಬಸಮ್ಮನಿಗೆ ಮಗನ ಅವಸ್ಥೆ ನೋಡಲಾಗಲಿಲ್ಲ.

"ಕಡದ ಮರ ಹಸರು ಇಡಾಕ ನಂಗೊಂದ ದಾರಿ ಗೊತ್ತೈತಿ. ನಿನ್ನ ಲಗ್ನದ ಹಾಲಗಂಬ ನೆನಪೈತೇನು? ಒಂಬತ್ತು ದಿನ ಒಂದೆಲಿ ಮುರುಟಲಿಲ್ಲ."

"ಏನಾರ ಮಾಡವ್ವ, ಹಸರಿದ್ರ ಸಾಕು," ಎಂದು ಗಿರಣಿಗೆ ಓಡಿದರು.

ಸಂಜೆ ಬಂದಾಗ ಮರ ಬಾಗಿಲ ಮುಂದೆ ಗುಂಡಿಯಲ್ಲಿ ನಿಂತಿತ್ತು. ಮದುವೆಯ ಹಂದರಕ್ಕೆ ಮೊದಲು ನೆಡುವ ಹಾಲಗಂಬಕ್ಕೆ ಏನೇನು ಉಪಚಾರವೋ ಅಷ್ಟೂ ನಡೆದಿತ್ತು: ಬುಡಕ್ಕೆ ಹಾಲು, ಮೈಗೆ ಅರಿಶಿನ ಕುಂಕುಮ, ಕೊರಳಿಗೆ ಕಂಕಣ. ಒದ್ದೆ ಎರೆಮಣ್ಣಿನ ತಂಪಿಗೋ, ಮುದುಕಿಯ ಭಕ್ತಿಗೋ, ಮರ ಚಿಗುರಿದಂತೆ ಕಾಣುತ್ತಿತ್ತು! ವಿರೂಪಾಕ್ಷಪ್ಪನವರಿಗೆ ಹೋದ ಜೀವ ಬಂತು.

"ಯಾರ್ದು ಲಗ್ನರೀ?" ಎಂದು ಪಕ್ಕದ ಮನೆಯ ಅಂಬಮ್ಮ ಇಣುಕಿದಳು. ಬೆಳಗಿನಿಂದ ಹತ್ತನೆಯವಳಂತೆ.

ಹಸಿದ ಹೊಟ್ಟೆ, ಕೆಟ್ಟ ಸಿಟ್ಟು. "ನಂದೇ! ಉಣ್ಣಾಕ ಬರ್ರಿ!" ಎಂದು ಬಾಗಿಲು ಹಾಕಿಕೊಂಡರು. ಅಂಬಮ್ಮ ಮರುದಿನವೇ ಕುರುಗೋಡಿನ ತಂಗಿಯ ಮನೆಗೆ ಹೊರಟಿದ್ದಾಳೆಂಬುದು ಅವರಿಗೆ ಗೊತ್ತಿರಲಿಲ್ಲ. ಸುದ್ದಿ ಕುರುಗೋಡು ಮುಟ್ಟುವಾಗ ಎರಡನೆಯ ಹೆಂಡತಿ ನಿಶ್ಚಯವಾಗಿದ್ದಳು. ಸಿರುಗುಪ್ಪ ಮುಟ್ಟುವಾಗ ಆಕೆ ಹದಿನೆಂಟರ ಚೆಲುವೆಯಾಗಿದ್ದಳು.

ಐದನೆಯ ದಿನ ಬೀದಿಯ ಈ ತುದಿಯಿಂದ ಜಟಕಾ ಬಂತು, ಆ ತುದಿಯಿಂದ ದೊರೆಸಾನಿಯ ಕಾರು ಬಂತು. ಜಟಕಾದಿಂದ ಮೂವರು ಭಾವಮೈದುನರೂ ಅತ್ತು ಕಣ್ಣು ಊದಿಸಿಕೊಂಡ ಕೊಟ್ರಬಸಮ್ಮನೂ ಇಳಿದರು.

"ಎಲ್ಲೈತ್ರಿ ಆ ಹುಡುಗಿ?" ಎಂದು ಹಿರಿಯ ಮರಿಬಸಪ್ಪ ತೋಳೇರಿಸಿದ. ಕಾರಿನಿಂದ ಇಳಿದ ದೊರೆಸಾನಿಯನ್ನು ಕಂಡು ಅಕ್ಕನ ಕಡೆ ತಿರುಗಿದ. "ಅಕ್ಕಾ, ಬಿಳೀಕಿನ ತಂದಾರ!"

"ಅಯ್ಯೋ, ಅದು ಅವರ ಮರ! ಒಯ್ಯಾಕ ಬಂದಾರ!" ಎಂದು ವಿರೂಪಾಕ್ಷಪ್ಪನವರು ಕೂಗಿ, ಐದು ದಿನದ ಕಥೆಯನ್ನು ಒಪ್ಪಿಸಿ, ಮರ ಕೀಳಲು ಬಗ್ಗಿದರು. ಗುರುಬಸಮ್ಮ ಅಡ್ಡ ನಿಂತಳು.

"ಮುಟ್ಟಬ್ಯಾಡ! ಲಗ್ನ ಆಗದ ಹಾಲಗಂಬ ಕಿತ್ರ ಮನಿಗೆ ಕೇಡು."

"ಅವ್ವಾ, ನನ್ನ ನೌಕರಿ!"

"ನಿನ್ನ ನೌಕರಿ ದೊಡ್ಡದೋ, ಮನಿ ದೊಡ್ಡದೋ?"

ದೊರೆಸಾನಿ ಗಡಿಯಾರ ನೋಡಿದಳು. ಭಾವಮೈದುನರು ಮುಷ್ಟಿ ಬಿಗಿದೇ ನಿಂತಿದ್ದರು. ಕೊನೆಗೆ ಕೊಟ್ರಬಸಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಹಂಗಾದ್ರ ಲಗ್ನ ಆಗ್ಲಿ. ನನ್ನ ಜೊತಿಗೇ. ಆದ್ರ ಹಂಡೆ ನಂದು."

"ನಿಂದೇ, ನಿಂದೇ!"

ಎರಡು ಮಾಲೆ, ಒಂದು ಹಿಡಿ ಅಕ್ಷತೆ. ಅರ್ಧ ಗಳಿಗೆಯಲ್ಲಿ ಹನ್ನೊಂದು ವರ್ಷದ ಹಳೆಯ ದಂಪತಿಗಳು ಮತ್ತೆ ಮದುವೆಯಾದರು. ಮರಿಬಸಪ್ಪ ಒಂದೇ ಸೆಳೆತಕ್ಕೆ ಮರ ಕಿತ್ತು ಕಾರಿನ ಮೇಲೆ ಕಟ್ಟಿದ. ಒಂದೆಲೆ ಉದುರಲಿಲ್ಲ. ವಿರೂಪಾಕ್ಷಪ್ಪನವರು ಕೈಮುಗಿದು ವರಪ್ರಸಾದಕ್ಕೆ ಕಾದರು.

ಮದುವೆಯನ್ನು ಕಣ್ಣರಳಿಸಿ ನೋಡಿದ್ದ ದೊರೆಸಾನಿ, ತನಗೆ ಬಂದಷ್ಟು ಕನ್ನಡದಲ್ಲಿ ಮರಿಬಸಪ್ಪನನ್ನು ಕೇಳಿದಳು, ಮದುಮಗಳ ತವರು ಯಾವುದು?

"ಸಿರುಗುಪ್ಪರೀ ಅಮ್ಮಾರ!"

ದೊರೆಸಾನಿ ಚಪ್ಪಾಳೆ ತಟ್ಟಿದಳು. ಅಯ್ಯೋ, ರದ್ದು ಮಾಡಿಸಲು ಹೊರಟಿದ್ದೆನಲ್ಲ! ಹೊಸ ಮದುಮಗಳನ್ನು ತವರಿನಿಂದ ದೂರ ಇಡುವುದೇ? ಮದುವೆಗೆ ನನ್ನ ಉಡುಗೊರೆ, ಸಿರುಗುಪ್ಪ ನಿಮಗೆ ಕಾಯಂ ಎಂದು ಹೇಳಿ ಕಾರು ಹತ್ತಿದಳು.

ವಿರೂಪಾಕ್ಷಪ್ಪನವರು ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿ ತಿರುಗುವಷ್ಟರಲ್ಲಿ ಮರಿಬಸಪ್ಪ ಹಂಡೆಯನ್ನು ಜಟಕಾದ ಮೇಲೆ ಏರಿಸಿದ್ದ.

"ನಡೀರಿ ಮಾವಾರ, ಪಡಸಾಲಿ ಖಾಲಿನ ಐತಿ."